ಮಾವನ ನೋಟ್‌ಬುಕ್ಕಿನಲ್ಲಿ 40 ಅಂಕ

2017ರ ನವೆಂಬರ್ ತಿಂಗಳು. ದೂರವಾಣಿನಗರದ ಮನೆಯಲ್ಲಿ ಮಾವ ಊಟದ ಮೇಜಿನ ಮೇಲೆ 200 ಪುಟದ ಉದ್ದ ನೋಟ್‌ಬುಕ್ ಬಿಚ್ಚಿಟ್ಟುಕೊಂಡು ಕೂತಿದ್ದರು. ಕೈಯಲ್ಲಿ ಸ್ಟೀಲ್ ಸ್ಕೇಲು, ಕಿವಿ ಮೇಲೆ ಪೆನ್ಸಿಲ್ಲು. ಎರಡು ಪುಟ ಸೇರಿಸಿ ಗೆರೆ ಎಳೆದಿದ್ದರು. ಮೇಲೆ ಒಂದೊಂದೇ ತಲೆಬರಹ: ಆಡಿದ್ದು, ಗೆದ್ದದ್ದು, ಡ್ರಾ, ಸೋತದ್ದು, ಹೊಡೆದ ಗೋಲು, ತಿಂದ ಗೋಲು, ಅಂಕ. ಎಡಗಡೆ ಹತ್ತು ತಂಡಗಳ ಹೆಸರು. ಎಲ್ಲ ಖಾನೆಯೂ ಖಾಲಿ.

"ಏನ್ ಮಾವ ಇದು? ಪೇಪರಲ್ಲೇ ಬರುತ್ತಲ್ಲ" ಅಂದೆ.

"ಪೇಪರಲ್ಲಿ ಬರೋದು ಪೇಪರಿನವರ ಲೆಕ್ಕ. ಸೀಸನ್ ಟಿಕೆಟ್ ತಗೊಂಡಿದ್ದೀಯಲ್ಲ, ಸುಮ್ನೆ ಮ್ಯಾಚ್ ನೋಡ್ಕೊಂಡು ಬಂದ್ರೆ ಸಾಲದು ಕಣಮ್ಮ. ಲೀಗ್ ಅಂದ್ರೆ ಲೆಕ್ಕ."

ನಾನು ಆಡಿಟ್ ಆಫೀಸಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಲೆಕ್ಕದಲ್ಲೇ ಇರುತ್ತೇನೆ. ಆದರೆ ಫುಟ್‌ಬಾಲಿಗೂ ಹೀಗೊಂದು ಲೆಕ್ಕದ ಪುಸ್ತಕ ಇರುತ್ತದೆ ಅಂತ ಆವತ್ತಿನವರೆಗೂ ಅನ್ನಿಸಿರಲಿಲ್ಲ. ವಿಶ್ವಕಪ್ ಬಂದಾಗ ರಾತ್ರಿ ಎದ್ದು ಟಿವಿ ನೋಡುವುದು, ಗೆಳತಿಯರು ಕರೆದರೆ ಒಂದು ಸಂಜೆ ಸ್ಟೇಡಿಯಂಗೆ ಹೋಗಿಬರುವುದು, ಅಷ್ಟೇ ನನ್ನ ಫುಟ್‌ಬಾಲ್. ಆ ವರ್ಷ ಯಾಕೋ ಒಂದು ಇಡೀ ಸೀಸನ್ ನೋಡಬೇಕು ಅನ್ನಿಸಿತು. ಮೊದಲ ಮ್ಯಾಚಿನಿಂದ ಕೊನೆಯ ಮ್ಯಾಚಿನವರೆಗೆ, ಒಂದನ್ನೂ ಬಿಡದೆ. ಮಾವನಿಗೂ ಸೇರಿಸಿ ಬೆಂಗಳೂರು ಎಫ್‌ಸಿ ತಂಡದ ಎರಡು ಸೀಸನ್ ಟಿಕೆಟ್ ತಗೊಂಡೆ.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಐಟಿಐ ಟೆಲಿಫೋನ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫ್ಯಾಕ್ಟರಿಯೊಳಗಿನ ಡಿಪಾರ್ಟ್‌ಮೆಂಟ್ ಪಂದ್ಯಗಳಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್ ಆಗಿ, ಆಡುತ್ತಿದ್ದರು. ಅವರ ಕಾಲದಲ್ಲಿ ಬೆಂಗಳೂರಿನ ಫುಟ್‌ಬಾಲ್ ಅಂದರೆ ಐಟಿಐ, ಎಚ್‌ಎಎಲ್, ಸೇನೆಯ ಎಂಇಜಿ ಇಂಥ ತಂಡಗಳೇ. ಅಶೋಕನಗರದ ಸ್ಟೇಡಿಯಂನಲ್ಲಿ ಸಂಜೆ ಮ್ಯಾಚ್. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ಸೈಕಲ್ ತುಳಿದುಕೊಂಡು ಬರುತ್ತಿದ್ದರು. ನಮ್ಮ ಊರಿಗೆ ಫುಟ್‌ಬಾಲ್ ಹೊಸದು ಅಂತ ಯಾರಾದರೂ ಅಂದರೆ ಮಾವನಿಗೆ ಸಿಟ್ಟೇ ಬರುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ರಾಜ್ಯದ ತಂಡಕ್ಕೆ ಆಡಿದವರು. ಮೈಸೂರು ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದದ್ದೂ ಒಂದೆರಡು ಸಲ ಅಲ್ಲ. ಮಾವನಿಗೆ ಇದೆಲ್ಲ ಬಾಯಿಪಾಠ.

ಆಮೇಲೆ ಬಂದದ್ದು ಬರಗಾಲ. ಎಚ್‌ಎಎಲ್ ತಂಡ ಐ-ಲೀಗ್‌ನಲ್ಲಿ ಆಡುವಾಗ ಮಾವ ಒಬ್ಬರೇ ಹೋಗಿ ನೋಡುತ್ತಿದ್ದರು. ಸಿಮೆಂಟ್ ಮೆಟ್ಟಿಲು ಖಾಲಿ ಖಾಲಿ ಇರುತ್ತಿತ್ತಂತೆ. 2011-12ರಲ್ಲಿ ಎಚ್‌ಎಎಲ್ ಕೆಳಗಿನ ದರ್ಜೆಗೆ ಇಳಿಯಿತು. ದೇಶದ ದೊಡ್ಡ ಲೀಗಿನಲ್ಲಿ ನಮ್ಮ ಊರಿನ ಹೆಸರೇ ಇಲ್ಲವಾಯಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2015-16ರಲ್ಲಿ ಇನ್ನೊಮ್ಮೆ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ವರೆಗೂ ಹೋಯಿತು. 2017ರಲ್ಲಿ ಕ್ಲಬ್ಬು ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗಿಗೆ ಬಂತು. ಜಮ್‌ಶೆಡ್‌ಪುರವೂ ಹೊಸದಾಗಿ ಸೇರಿಕೊಂಡಿತು. ಎಂಟು ತಂಡ ಇದ್ದದ್ದು ಹತ್ತಾಯಿತು. ಎರಡು ಎರಡೂವರೆ ತಿಂಗಳಲ್ಲಿ ಮುಗಿದುಹೋಗುತ್ತಿದ್ದ ಲೀಗ್ ನಾಲ್ಕು ತಿಂಗಳಿಗೆ ಬೆಳೆಯಿತು.

"ಈಗ ಇದಕ್ಕೆ ಲೀಗ್ ಅನ್ನಬಹುದು" ಅಂದರು ಮಾವ. ಹತ್ತು ತಂಡ. ಪ್ರತಿಯೊಂದರ ಜೊತೆ ಮನೆಯಲ್ಲೊಂದು, ಹೊರಗೊಂದು. ಒಟ್ಟು 18 ಮ್ಯಾಚ್. ಗೆದ್ದರೆ 3, ಡ್ರಾ ಆದರೆ 1. ಮೊದಲ ನಾಲ್ಕು ತಂಡ ಸೆಮಿಫೈನಲ್‌ಗೆ, ಆಮೇಲೆ ಫೈನಲ್. ಈ ಕೊನೆಯ ಭಾಗ ಮಾವನಿಗೆ ಹಿಡಿಸಿರಲಿಲ್ಲ. ಆಗ ನನಗದು ಅರ್ಥವಾಗಿರಲಿಲ್ಲ.

ನವೆಂಬರ್ 19, ಭಾನುವಾರ, ಮುಂಬೈ ಸಿಟಿ ಜೊತೆ ಮೊದಲ ಮ್ಯಾಚ್. ಮಾವ ದೂರವಾಣಿನಗರದಿಂದ ಬಸ್ಸಿನಲ್ಲಿ ಬೈಯಪ್ಪನಹಳ್ಳಿಗೆ ಬಂದು, ಅಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರು. ನಾನು ಮೆಟ್ಟಿಲ ಹತ್ತಿರ ಕಾಯುತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ಅತ್ತೆ ಡಬ್ಬಿಯಲ್ಲಿ ಚಪಾತಿ, ಹುರುಳಿಕಾಯಿ ಪಲ್ಯ ಕಟ್ಟಿ ಕಳಿಸಿದ್ದರು. ಒಳಗೆ ಡಬ್ಬಿ ಬಿಡುವುದಿಲ್ಲ ಅಂತ ಗೊತ್ತಿತ್ತು. ಹಾಗಾಗಿ ಕಬ್ಬನ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ತಿಂದು ಮುಗಿಸಿ ಹೊರಟೆವು. ಆಮೇಲಿನ ಎಲ್ಲ ಮ್ಯಾಚಿಗೂ ಅದೇ ಪದ್ಧತಿಯಾಯಿತು. ಅದೇ ಬೆಂಚು, ಅದೇ ಡಬ್ಬಿ.

ಕಂಠೀರವ ಕ್ರೀಡಾಂಗಣ ಇರುವ ಜಾಗ ಹಿಂದೆ ಸಂಪಂಗಿ ಕೆರೆ. ಓಟದ ಟ್ರ್ಯಾಕ್ ಸುತ್ತ ಇರುವುದರಿಂದ ಕೂರುವ ಜಾಗಕ್ಕೂ ಮೈದಾನಕ್ಕೂ ನಡುವೆ ದೂರ ಜಾಸ್ತಿ. ಅಶೋಕನಗರದಲ್ಲಿ ಆಟಗಾರನ ಉಸಿರು ಕೇಳಿಸುತ್ತಿತ್ತು ಅನ್ನುತ್ತಾರೆ ಮಾವ. ಇಲ್ಲಿ ಅದಿಲ್ಲ. ಅದರ ಬದಲು ಇಪ್ಪತ್ತು ಸಾವಿರ ಜನರ ಕೂಗಿದೆ. ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗ ಹುಡುಗಿಯರು ಡ್ರಮ್ ಬಾರಿಸುತ್ತ ನಿಂತೇ ಇರುತ್ತಾರೆ, ತೊಂಬತ್ತು ನಿಮಿಷವೂ ಕೂರುವುದಿಲ್ಲ. ಆ ಸದ್ದು ಎದೆಗೇ ಬಂದು ಬಡಿಯುತ್ತದೆ. ಆವತ್ತು ಎದುರಿನ ಬೆಳಕಿನ ಕಂಬದ ಕೆಳಗೆ ನೀಲಿ ಬಟ್ಟೆ ತುಂಬಿಕೊಂಡದ್ದು ನೋಡಿ ಮಾವ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಎರಡನೇ ಅರ್ಧದಲ್ಲಿ ಎಡು ಗಾರ್ಸಿಯಾ ಒಂದು, ತೊಂಬತ್ತು ನಿಮಿಷದ ಮೇಲಿನ ಇಂಜುರಿ ಟೈಮಿನಲ್ಲಿ ಸುನಿಲ್ ಛೇಟ್ರಿ ಇನ್ನೊಂದು. 2-0. ಮನೆಗೆ ಹೋದ ಮೇಲೆ ಮಾವ ಪೆನ್ಸಿಲ್ ಮೊನೆ ಚೂಪು ಮಾಡಿ ಅಂಕದ ಖಾನೆಯಲ್ಲಿ 3 ಬರೆದು, ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದರು. ಮುಂದಿನ ಭಾನುವಾರ ಡೆಲ್ಲಿ ಡೈನಮೋಸ್ ಮೇಲೆ 4-1. ಆಸ್ಟ್ರೇಲಿಯಾದ ಎರಿಕ್ ಪಾರ್ಟಾಲು ಎರಡು ಗೋಲು ಹೊಡೆದರು. ಅಂಕ 6. ಇಷ್ಟು ಸಲೀಸಾ ಅಂದುಕೊಂಡೆ.

ಮ್ಯಾಚ್ ನೋಡುವುದು ಹೇಗೆ ಅಂತ ಮಾವ ಕಲಿಸಿದ್ದು ಈ ಮೊದಲ ವಾರಗಳಲ್ಲೇ. ನಾನು ಚೆಂಡು ನೋಡುತ್ತಿದ್ದೆ. ಅವರು ಚೆಂಡು ನೋಡುತ್ತಲೇ ಇರಲಿಲ್ಲ. "ಚೆಂಡು ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತೆ. ಚೆಂಡು ಇಲ್ಲದವನು ಏನು ಮಾಡ್ತಿದ್ದಾನೆ ಅದನ್ನ ನೋಡು." ಆಮೇಲೆ ನನಗೂ ನಿಧಾನವಾಗಿ ಕಾಣತೊಡಗಿತು. ಡಿಮಾಸ್ ಡೆಲ್ಗಾಡೊ ಓಡುವುದು ಕಡಿಮೆ, ಆದರೆ ಚೆಂಡು ಬರುವ ಮೊದಲೇ ಎರಡು ಸಲ ಹಿಂದೆ ತಿರುಗಿ ನೋಡಿರುತ್ತಾರೆ. ಉದಾಂತ ಸಿಂಗ್ ಬಲಗಡೆ ಗೆರೆಗೆ ಅಂಟಿಕೊಂಡು ನಿಂತರೆ ಎದುರಾಳಿಯ ಡಿಫೆಂಡರ್ ಹೆದರಿ ಹಿಂದೆ ಸರಿಯುತ್ತಾನೆ, ಅದರಿಂದ ನಡುವೆ ಜಾಗ ಬಿಡುತ್ತದೆ. ಛೇಟ್ರಿ ಎಡಗಡೆಯಿಂದ ಶುರುಮಾಡಿ ಒಳಗೆ ನುಗ್ಗುತ್ತಾರೆ. ನಡುವೆ ವೆನೆಜುವೆಲಾದ ಮೀಕು ಇಬ್ಬರು ಡಿಫೆಂಡರ್‌ಗಳನ್ನು ಎಳೆದುಕೊಂಡು ಹೋಗಿರುತ್ತಾರೆ. ಇದೆಲ್ಲ ಟಿವಿಯಲ್ಲಿ ಕಾಣುವುದಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತದಲ್ಲ.

ಮಾವನ ಕಣ್ಣು ಮಾತ್ರ ಸುಭಾಶಿಷ್ ಬೋಸ್ ಮೇಲೆ. ಲೆಫ್ಟ್ ಬ್ಯಾಕ್ ಆಡಿದವರಿಗೆ ಲೆಫ್ಟ್ ಬ್ಯಾಕ್ ಮೇಲೇ ಪ್ರೀತಿ. ಆ ಹುಡುಗ ದಾಳಿಗೆ ಹೋದಾಗಲೆಲ್ಲ ಇವರ ಬಲಗಾಲು ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. "ವಾಪಸ್ ಬಾ, ವಾಪಸ್ ಬಾ" ಅಂತ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಅದೇ ಮುಂದಿನ ಜೂನ್‌ನಲ್ಲಿ ಸುಭಾಶಿಷ್ ಭಾರತ ತಂಡಕ್ಕೆ ಆಡಿದಾಗ ಮಾವ ಮನೆಯವರಿಗೆಲ್ಲ ಫೋನ್ ಮಾಡಿದರು.

ಮೊದಲ ಸೋಲು ಬಂದದ್ದು ನವೆಂಬರ್ 30ಕ್ಕೆ, ಗೋವಾದ ಫಾತೋರ್ಡದಲ್ಲಿ. ಟಿವಿಯಲ್ಲಿ ನೋಡಿದೆವು. ಮೊದಲರ್ಧದಲ್ಲೇ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ರೆಡ್ ಕಾರ್ಡ್ ಪಡೆದು ಹೊರನಡೆದರು. ಹತ್ತು ಜನ ಆಡಿಕೊಂಡೇ 3-3ಕ್ಕೆ ತಂದು ನಿಲ್ಲಿಸಿದರು. ಆಮೇಲೆ ಗೋವಾದ ಕೊರೊ ತನ್ನ ಮೂರನೇ ಗೋಲು ಹೊಡೆದು 4-3 ಮಾಡಿದರು. ನನಗೆ ಅಳು ಬರುವ ಹಾಗಾಗಿತ್ತು. ಮಾವ ಮಾತ್ರ ನೋಟ್‌ಬುಕ್ ತೆಗೆದು ಸೋತ ಖಾನೆಯಲ್ಲಿ 1 ಬರೆದು, "ಹತ್ತು ಜನರಲ್ಲಿ ಎರಡು ಗೋಲು ವಾಪಸ್ ಕೊಟ್ಟಿದ್ದಾರೆ ನೋಡು. ಗೋಲು ವ್ಯತ್ಯಾಸ ಕೆಟ್ಟಿಲ್ಲ. ಇಂಥ ಸೋಲು ಮಾರ್ಚ್‌ನಲ್ಲಿ ಉಪಯೋಗಕ್ಕೆ ಬರುತ್ತೆ" ಅಂದರು. ಸೋಲೂ ಉಪಯೋಗಕ್ಕೆ ಬರುತ್ತದೆ ಅನ್ನುವುದು ಲೀಗಿನಲ್ಲಿ ಮಾತ್ರ ನಿಜ. ನಾಕೌಟ್ ಪಂದ್ಯದಲ್ಲಿ ಸೋತರೆ ಚೀಲ ಕಟ್ಟಿಕೊಂಡು ಮನೆಗೆ ಹೋಗಬೇಕು. ಲೀಗಿನಲ್ಲಿ ಒಂದು ಗೋಲು ಕಡಿಮೆ ತಿಂದು ಸೋತದ್ದೂ ಪಟ್ಟಿಯಲ್ಲಿ ಉಳಿದಿರುತ್ತದೆ.

ಡಿಸೆಂಬರ್ ನಿಜಕ್ಕೂ ಕಷ್ಟದ ತಿಂಗಳು. ಗುವಾಹಟಿಯಲ್ಲಿ, ಪುಣೆಯಲ್ಲಿ ಗೆದ್ದು 12 ಅಂಕಕ್ಕೆ ಬಂದಿದ್ದೆವು. 17ಕ್ಕೆ ಚೆನ್ನೈನ ತಂಡ ಚೆನ್ನೈಯಿನ್ ನಮ್ಮೂರಿಗೆ ಬಂತು. ಜೆಜೆ ಐದನೇ ನಿಮಿಷದಲ್ಲೇ ಗೋಲು ಹೊಡೆದರು. ಎಂಬತ್ತು ನಿಮಿಷ ನಾವು ಬಾಗಿಲು ಬಡಿಯುತ್ತಲೇ ಇದ್ದೆವು. 85ನೇ ನಿಮಿಷದಲ್ಲಿ ಛೇಟ್ರಿ ಸಮ ಮಾಡಿದಾಗ ನನ್ನ ಮುಂದಿನ ಸೀಟಿನಲ್ಲಿದ್ದ ಗೊತ್ತೇ ಇಲ್ಲದ ಹೆಂಗಸು ತಿರುಗಿ ನನ್ನನ್ನು ತಬ್ಬಿಕೊಂಡರು. ಮೂರೇ ನಿಮಿಷ. ಧನಪಾಲ್ ಗಣೇಶ್ ಹೆಡರ್, 2-1. ಆ ಹೆಂಗಸು ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. ಕ್ರಿಸ್‌ಮಸ್ ಕಳೆದು 28ಕ್ಕೆ ಜಮ್‌ಶೆಡ್‌ಪುರದ ಜೊತೆ ಆಟ. ಕೊನೆಯ ಗಳಿಗೆಯ ಪೆನಾಲ್ಟಿಯಲ್ಲಿ 1-0 ಸೋಲು. ಸೊಂಟಕ್ಕೆ ನೀಲಿ ಸ್ಕಾರ್ಫ್ ಕಟ್ಟಿಕೊಂಡಿದ್ದ ಮಕ್ಕಳು ಮೆಟ್ರೋದಲ್ಲಿ ಅಪ್ಪಂದಿರ ಹೆಗಲಿಗೆ ಒರಗಿ ನಿದ್ದೆಹೋಗಿದ್ದರು. ಯಾರೂ ಮಾತಾಡುತ್ತಿರಲಿಲ್ಲ.

ಏಳು ಮ್ಯಾಚ್, 12 ಅಂಕ, ಮೂರು ಸೋಲು. ನಾನು ಮಾವನಿಗೆ, "ಇನ್ನು ಮೊದಲ ನಾಲ್ಕರಲ್ಲಿ ಬಂದರೆ ಸಾಕು" ಅಂದೆ. ಅವರಿಗೆ ಬೇಸರವಾಯಿತು. "ಹನ್ನೊಂದು ಮ್ಯಾಚ್ ಬಾಕಿ ಇದೆ. 33 ಅಂಕ ಬೀದಿಯಲ್ಲಿ ಬಿದ್ದಿದೆ. ಆಯ್ದುಕೊಳ್ಳೋಕೆ ಬಗ್ಗಬೇಕು ಅಷ್ಟೇ."

ಡಿಸೆಂಬರ್ 31ರ ಸಂಜೆ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ಆಟ. ನೆಂಟರೆಲ್ಲ ಹೊಸ ವರ್ಷಕ್ಕೆ ಅಂತ ಮಾವನ ಮನೆಗೆ ಬಂದಿದ್ದರು. ಟಿವಿಯ ತುಂಬ ಹಳದಿ. ಅಷ್ಟು ಜನರ ಎದುರು ಛೇಟ್ರಿ ಪೆನಾಲ್ಟಿ ಒದೆಯಲು ನಿಂತಾಗ ಅತ್ತೆ ಅಡುಗೆಮನೆಯಿಂದ ಬಂದು ಸೌಟು ಹಿಡಿದುಕೊಂಡೇ ನಿಂತರು. ಗೋಲು. ಆಮೇಲೆ ಇಂಜುರಿ ಟೈಮಿನಲ್ಲಿ ಮೀಕು ಎರಡು ಹೊಡೆದರು. ಕೇರಳ ಒಂದು ವಾಪಸ್ ಕೊಟ್ಟಿತು, 3-1. ಒಂದೇ ವಾರದಲ್ಲಿ ಕೊನೆಯ ನಿಮಿಷದ ಗೋಲು ತಿಂದು ಅತ್ತವರು, ಕೊನೆಯ ನಿಮಿಷದ ಗೋಲು ಹೊಡೆದು ಕುಣಿದೆವು. ಸೀಸನ್ ತಿರುಗಿದ್ದು ಅಲ್ಲಿಂದ ಅಂತ ನನ್ನ ನಂಬಿಕೆ. ಮಾವನ ಪ್ರಕಾರ ತಿರುಗಿದ್ದು ಎರಡು ವಾರ ಆದಮೇಲೆ.

ಅವರ ಮಾತೂ ಸುಳ್ಳಲ್ಲ. ಜನವರಿ 7ಕ್ಕೆ ಕೋಲ್ಕತ್ತಾದ ಎಟಿಕೆಯನ್ನು 1-0 ಸೋಲಿಸಿ 18 ಅಂಕ ಮಾಡಿಕೊಂಡಿದ್ದೆವು. 14ಕ್ಕೆ, ಸಂಕ್ರಾಂತಿ ಹೊತ್ತಿಗೆ, ದೆಹಲಿಯಲ್ಲಿ 2-0 ಸೋತೆವು. ನವೆಂಬರ್‌ನಲ್ಲಿ ನಾವೇ ನಾಲ್ಕು ಗೋಲು ಹೊಡೆದ ತಂಡ ಅದು. ಕೋಚ್ ಆಲ್ಬರ್ಟ್ ರೋಕಾಗೆ ತಂಡ ನಡೆಸುವುದು ಸುಲಭವಿರಲಿಲ್ಲ. ಲೀಗಿನ ನಡುನಡುವೆ ಎಎಫ್‌ಸಿ ಕಪ್ ಅರ್ಹತಾ ಪಂದ್ಯಗಳೂ ಇದ್ದವು. ಭೂತಾನ್ ತಂಡದ ಜೊತೆ ಎರಡು, ಮಾಲ್ಡೀವ್ಸ್ ತಂಡದ ಜೊತೆ ಎರಡು. ಬೇರೆ ತಂಡಗಳಿಗೆ ಆ ತಾಪತ್ರಯ ಇರಲಿಲ್ಲ. ನಾಲ್ಕು ದಿನಕ್ಕೊಂದು ವಿಮಾನ, ಮೂರು ದಿನಕ್ಕೊಂದು ಮ್ಯಾಚ್. ಬೆಂಚಿನಲ್ಲಿ ಕೂತಿದ್ದ ಹುಡುಗರಿಗೆಲ್ಲ ಆಟ ಸಿಕ್ಕಿತು. ಆ ದೆಹಲಿ ಸೋಲಿನ ನಂತರ ಲೀಗಿನಲ್ಲಿ ನಾವು ಸೋಲಲೇ ಇಲ್ಲ. ಎಂಟು ಮ್ಯಾಚ್, ಏಳು ಗೆಲುವು, ಒಂದು ಡ್ರಾ.

ಆ ಐದಾರು ವಾರ ನನ್ನ ಬದುಕಿನಲ್ಲಿ ಬೇರೆಯೇ ತೂಕದವು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಅಂಕ ಎಣಿಸುತ್ತಿದ್ದೆ. 21, 24, 27. ಗಣರಾಜ್ಯೋತ್ಸವದ ದಿನ ನಾರ್ತ್‌ಈಸ್ಟ್ ಮೇಲೆ 2-1. ಫೆಬ್ರವರಿ 6ಕ್ಕೆ ಚೆನ್ನೈಗೆ ಹೋಗಿ ಚೆನ್ನೈಯಿನ್ ತಂಡವನ್ನೇ 3-1 ಸೋಲಿಸಿದರು. ಡಿಸೆಂಬರ್‌ನ ಬಾಕಿ ತೀರಿತು ಅಂತ ನಾನು ಕುಣಿದರೆ ಮಾವ, "ಬಾಕಿ ಗೀಕಿ ಇಲ್ಲ, 30 ಅಂಕ" ಅಂದರು. ಮೂರೇ ದಿನಕ್ಕೆ ಗೋವಾ ಮೇಲೆ 2-0. ಪುಣೆ ಜೊತೆ 1-1, ಆ ಸೀಸನ್ನಿನ ಒಂದೇ ಒಂದು ಡ್ರಾ. ಡ್ರಾ ಖಾನೆಯಲ್ಲಿ ಕೊನೆಗೂ ಒಂದು ಅಂಕಿ ಬಿತ್ತು. ಮಾರ್ಚ್ 1ಕ್ಕೆ ಕೇರಳ ಬ್ಲಾಸ್ಟರ್ಸ್ ಇಲ್ಲಿಗೆ ಬಂದಾಗ ಕಂಠೀರವದಲ್ಲಿ ಅರ್ಧದಷ್ಟು ಹಳದಿಯೇ ಅನ್ನಿಸಿತು. ಇಂಜುರಿ ಟೈಮಿನವರೆಗೂ ಗೋಲಿಲ್ಲ. ಮತ್ತೆ ಮೀಕು, ಆಮೇಲೆ ಉದಾಂತ. 2-0.

ಆವತ್ತು ಮಾವ ನೋಟ್‌ಬುಕ್ ಜೊತೆಗೇ ತಂದಿದ್ದರು. ಮ್ಯಾಚ್ ಮುಗಿದು, ಆಟಗಾರರು ವೆಸ್ಟ್ ಬ್ಲಾಕ್ ಮುಂದೆ ಸಾಲಾಗಿ ನಿಂತು ಎಲ್ಲರ ಜೊತೆ ಚಪ್ಪಾಳೆ ತಟ್ಟುವಾಗ, ಅವರು ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಬರೆದರು. ಆಡಿದ್ದು 18. ಗೆದ್ದದ್ದು 13. ಡ್ರಾ 1. ಸೋತದ್ದು 4. ಅಂಕ 40. ಹಳೆಯ ಅಂಕಿಗಳನ್ನು ಅಳಿಸಿ ಅಳಿಸಿ ಆ ಖಾನೆಯ ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಆಚೆ ಪುಟ ಕಾಣುತ್ತಿತ್ತು. 40 ಅನ್ನು ಮಾತ್ರ ಅವರು ಪೆನ್ನಿನಲ್ಲಿ ಬರೆದರು. ಉಳಿದವರ ಮ್ಯಾಚೂ ಮುಗಿದಾಗ ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32.

"ನಾವು ಲೀಗ್ ಗೆದ್ದೆವು" ಅಂದರು ಮಾವ.

ಟ್ರೋಫಿ ಇರಲಿಲ್ಲ. ಆಗಿನ ನಿಯಮದಲ್ಲಿ ಅಂಕಪಟ್ಟಿಯ ಮೊದಲ ಸ್ಥಾನಕ್ಕೆ ಸೆಮಿಫೈನಲ್ ಟಿಕೆಟ್ ಬಿಟ್ಟರೆ ಹೆಸರಿಗೊಂದು ಕಪ್ಪೂ ಇರಲಿಲ್ಲ. ನಾಲ್ಕು ತಿಂಗಳು ಓಡಿ, ಎಂಟು ಅಂಕ ಮುಂದೆ ನಿಂತ ತಂಡಕ್ಕೆ ಕೈಗೆ ಕೊಡಲು ಏನೂ ಇಲ್ಲ. ಇದು ತಪ್ಪು ಅಂತ ನನಗೆ ಆವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ. ಲೀಗ್ ವಿನ್ನರ್ಸ್ ಶೀಲ್ಡ್ ಅಂತ ಶುರುವಾದದ್ದು 2019-20ರಲ್ಲಿ. ಮೊದಲು ಅದನ್ನು ಎತ್ತಿದ್ದು ಗೋವಾ. ಒಳ್ಳೆಯದೇ ಆಯಿತು. ಆದರೆ ನಮ್ಮ 40ಕ್ಕೆ ತಡವಾಯಿತು.

ಪುಣೆ ಜೊತೆ ಸೆಮಿಫೈನಲ್ ಅಲ್ಲಿ 0-0. ಮಾರ್ಚ್ 11ಕ್ಕೆ ಇಲ್ಲಿ 3-1, ಮೂರನ್ನೂ ಹೊಡೆದದ್ದು ಛೇಟ್ರಿ. ಕೊನೆಯ ಗೋಲು ಹೋದಾಗ ಮಾವ ಎದ್ದು ನಿಂತು ಎರಡೂ ಕೈ ತಲೆ ಮೇಲೆ ಇಟ್ಟುಕೊಂಡರು. ಅವರು ಹಾಗೆ ನಿಂತದ್ದು ನಾನು ಮೊದಲ ಸಲ ನೋಡಿದ್ದು.

ಫೈನಲ್ ಮಾರ್ಚ್ 17, ಶನಿವಾರ, ಕಂಠೀರವದಲ್ಲೇ. ಎದುರಾಳಿ ಚೆನ್ನೈಯಿನ್. ಆಡಿಟ್ ಆಫೀಸಿಗೆ ಮಾರ್ಚ್ ಅಂದರೆ ಉಸಿರಾಡಲು ಬಿಡುವಿಲ್ಲದ ತಿಂಗಳು. ಶನಿವಾರ ಅರ್ಧ ದಿನ ರಜೆ ಕೇಳಿದ್ದಕ್ಕೆ ಮೇಲಿನವರು ಒಪ್ಪಲಿಲ್ಲ. ಬೆಳಿಗ್ಗೆ ಆರಕ್ಕೇ ಹೋಗಿ ಕೂತು ಕೆಲಸ ಮುಗಿಸಿ ಹೊರಟೆ. ಮಾರನೇ ದಿನ ಯುಗಾದಿ. ದಾರಿಯಲ್ಲಿ ಎಲ್ಲ ಕಡೆ ಮಾವಿನ ಸೊಪ್ಪು, ಬೇವಿನ ಹೂವಿನ ಗುಡ್ಡೆ. ಅಮ್ಮ ತರಲು ಹೇಳಿದ್ದರಿಂದ ಒಂದು ಕಟ್ಟು ಮಾವಿನ ಸೊಪ್ಪು ಕೊಂಡೆ. ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಎಳನೀರು ಮಾರುತ್ತಿದ್ದ ಅಣ್ಣನ ಗಾಡಿಯಲ್ಲಿ ಇಟ್ಟು ಹೋದೆ.

ಒಂಬತ್ತನೇ ನಿಮಿಷ. ಉದಾಂತ ಬಲಗಡೆಯಿಂದ ಚೆಂಡು ಕೊಟ್ಟರು. ಛೇಟ್ರಿ ನೆಲಕ್ಕೆ ಹತ್ತಿರವಾಗಿ ಹಾರಿ ತಲೆ ಕೊಟ್ಟರು. 1-0. ಆ ಸದ್ದು ಸಂಪಂಗಿರಾಮನಗರದ ಮನೆಗಳಿಗೆಲ್ಲ ಕೇಳಿಸಿರಬೇಕು. ನಾನು ಏನು ಕೂಗಿದೆ ಅಂತ ನನಗೇ ಗೊತ್ತಿಲ್ಲ.

17ನೇ ನಿಮಿಷದಲ್ಲಿ ಚೆನ್ನೈಯಿನ್‌ಗೆ ಕಾರ್ನರ್. ಆವತ್ತು ಮಾವ ಹೇಳಿಕೊಟ್ಟ ಹಾಗೆ ಚೆಂಡು ಬಿಟ್ಟು ಜನರನ್ನು ನೋಡುತ್ತಿದ್ದೆ. ಬ್ರೆಜಿಲ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಗುಂಪಿನಿಂದ ಎದ್ದು ಬಂದರು. ತಲೆ ತಾಗಿತು, ನೆಟ್ ಅಲುಗಿತು. ಮೊದಲರ್ಧದ ಕೊನೆಯಲ್ಲಿ ಮತ್ತೆ ಕಾರ್ನರ್. ಮಾವ ಮೊದಲೇ, "ಅವನನ್ನ ಹಿಡಿದುಕೊಳ್ರೋ" ಅಂದರು. ನಾವಿಬ್ಬರೂ ಅವರನ್ನೇ ನೋಡುತ್ತಿದ್ದೆವು. ಅದೇ ಮೈಲ್ಸನ್, ಅದೇ ತಲೆ. 2-1. ಕಣ್ಣೆದುರಿಗೆ ಬರುವುದು ಕಾಣುತ್ತಿದ್ದರೂ ಏನೂ ಮಾಡಲಾಗದೆ ಕೂತದ್ದು ನನಗೆ ಇವತ್ತಿಗೂ ಮರೆತಿಲ್ಲ. 67ನೇ ನಿಮಿಷದಲ್ಲಿ ರಾಫೇಲ್ ಅಗಸ್ಟೊ ದೂರದಿಂದ ಹೊಡೆದದ್ದು 3-1. ಇಂಜುರಿ ಟೈಮಿನಲ್ಲಿ ಮೀಕು ಒಂದು ಹೊಡೆದಾಗ ವೆಸ್ಟ್ ಬ್ಲಾಕ್ ಮತ್ತೆ ಎದ್ದಿತು. ಕೊಚ್ಚಿಯ ರಾತ್ರಿ ನೆನಪಾಯಿತು. ಆದರೆ ರೆಫರಿ ಸೀಟಿ ಊದಿದರು. 3-2. ಚೆನ್ನೈಯಿನ್ ಎರಡನೇ ಸಲ ಚಾಂಪಿಯನ್.

ಅವರು ಚೆನ್ನಾಗಿ ಆಡಿದರು, ಅದರಲ್ಲಿ ಎರಡು ಮಾತಿಲ್ಲ. ಅವರ ಕೋಚ್ ಜಾನ್ ಗ್ರೆಗರಿ ತಮ್ಮ ತಂಡವನ್ನು ಆ ಒಂದು ರಾತ್ರಿಗೆ ಸರಿಯಾಗಿ ತಯಾರು ಮಾಡಿಕೊಂಡು ಬಂದಿದ್ದರು. ನಮ್ಮ ಮೈದಾನದಲ್ಲಿ ಅವರು ಕಪ್ ಎತ್ತುವುದನ್ನು ನೋಡಲು ಬಹಳ ಜನ ನಿಲ್ಲಲಿಲ್ಲ. ಮಾವ ನಿಂತರು. "ಗೆದ್ದವರಿಗೆ ಚಪ್ಪಾಳೆ ಹೊಡೆದು ಹೋಗಬೇಕಮ್ಮ" ಅಂದರು. ಇಬ್ಬರೂ ಚಪ್ಪಾಳೆ ತಟ್ಟಿದೆವು. ನನ್ನ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಹೊರಗೆ ಬಂದಾಗ ಎಳನೀರಿನ ಅಣ್ಣ ಗಾಡಿ ಕಟ್ಟಿ ಹೊರಡದೆ ನನಗಾಗಿ ಕಾಯುತ್ತ ಕೂತಿದ್ದರು. ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸಿ ಇಟ್ಟಿದ್ದರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ಬೆಳಿಗ್ಗೆ ಗಂಟಲು ಕಟ್ಟಿಹೋಗಿತ್ತು. ಮಾತೇ ಹೊರಡದೆ ತೋರಣ ಕಟ್ಟಿದೆ. ಮಧ್ಯಾಹ್ನ ಹೋಳಿಗೆ ಊಟಕ್ಕೆ ಮಾವನ ಮನೆಗೆ ಹೋದಾಗ ನೋಟ್‌ಬುಕ್ ಮೇಜಿನ ಮೇಲೇ ಇತ್ತು. ತೆಗೆದು ನೋಡಿದೆ. ಅಂಕಪಟ್ಟಿಯ ಪುಟದಲ್ಲಿ ಏನೂ ಬದಲಾಗಿರಲಿಲ್ಲ. ಬೆಂಗಳೂರು, 18, 13, 1, 4, ಕೊನೆಗೆ ಪೆನ್ನಿನಲ್ಲಿ 40. ಫೈನಲ್ ಎಲ್ಲಿ ಅಂತ ಹುಡುಕಿದೆ. ಸೆಮಿಫೈನಲ್ಲೂ ಫೈನಲ್ಲೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದ್ದವು, ಅಡ್ಡಡ್ಡವಾಗಿ ಬರೆದಿದ್ದರು.

"ಅದನ್ನ ಯಾಕೆ ಅಲ್ಲಿ ಬರೆದಿದ್ದೀರ ಮಾವ?"

"ಅದು ಲೀಗಿನದ್ದಲ್ಲವಲ್ಲ. ಅದು ಬೇರೆ ಲೆಕ್ಕ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು, ಸಮಾಧಾನಕ್ಕೆ ಹೇಳಿದ್ದೂ ಅಲ್ಲ. ಲೆಡ್ಜರಿನಲ್ಲಿ ಯಾವುದು ಯಾವ ಖಾತೆಗೆ ಹೋಗಬೇಕೋ ಅಲ್ಲಿಗೆ ಹಾಕಿದ್ದರು. ಒಂದು ರಾತ್ರಿಯ ಎರಡು ಕಾರ್ನರ್‌ಗಳಿಂದ ನಾಲ್ಕು ತಿಂಗಳ ಲೆಕ್ಕ ಅಳಿಸಿಹೋಗುವುದಿಲ್ಲ. ಗುವಾಹಟಿಯಲ್ಲಿ ಗೆದ್ದ ಮೂರು ಅಂಕ, ಕೊಚ್ಚಿಯಲ್ಲಿ ಗೆದ್ದ ಮೂರು ಅಂಕ ಅಲ್ಲೇ ಇವೆ. ಅದಕ್ಕೆ ಹಿಂದಿನ ಮೂರು ಸೀಸನ್ನಿನಲ್ಲೂ ಅಂಕಪಟ್ಟಿಯ ಮೊದಲ ಸ್ಥಾನದವರು ಕಪ್ ಗೆದ್ದಿರಲಿಲ್ಲ. 2014ರಲ್ಲಿ ಚೆನ್ನೈಯಿನ್, 2015ರಲ್ಲಿ ಗೋವಾ, 2016ರಲ್ಲಿ ಮುಂಬೈ, ಎಲ್ಲರದ್ದೂ ಇದೇ ಕಥೆ. ಆದರೆ ಅವರ ಊರುಗಳಲ್ಲೂ ಯಾರಾದರೂ ಒಬ್ಬರು ಹೀಗೆ ಗೆರೆ ಎಳೆದುಕೊಂಡು ಬರೆದಿಟ್ಟಿರುತ್ತಾರೆ ಅಂತ ನನಗೆ ಗಟ್ಟಿ ನಂಬಿಕೆ.

ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ಸೂಪರ್ ಕಪ್ ನಾಕೌಟ್ ಪಂದ್ಯಗಳು ನಡೆದವು. ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4-1 ಸೋಲಿಸಿ ಕಪ್ ತಂದರು. ಅದೂ ಕೊನೆಯ ಪುಟಕ್ಕೇ ಹೋಯಿತು. ರೋಕಾ ಹೊರಟರು, ಅವರ ಜೊತೆಗಿದ್ದ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆದರು. ಮಳೆಗಾಲ ಬಂತು. ಶನಿವಾರ ಭಾನುವಾರಗಳು ಖಾಲಿ ಖಾಲಿ. ಕಬ್ಬನ್ ಪಾರ್ಕ್ ಸ್ಟೇಷನ್ ಹಾದುಹೋದಾಗಲೆಲ್ಲ ಆ ಕಲ್ಲುಬೆಂಚು ನೆನಪಾಗುತ್ತಿತ್ತು.

2018ರ ಸೆಪ್ಟೆಂಬರ್ 30, ಭಾನುವಾರ. ಹೊಸ ಸೀಸನ್ನಿನ ನಮ್ಮ ಮೊದಲ ಮ್ಯಾಚ್. ಎದುರಾಳಿ ಅದೇ ಚೆನ್ನೈಯಿನ್. ಮೈದಾನ ಅದೇ ಕಂಠೀರವ. ನಾವು ಬೆಂಚಿನ ಮೇಲೆ ಚಪಾತಿ ತಿಂದು ಒಳಗೆ ಹೋದೆವು. ಮೊದಲರ್ಧ ಮುಗಿಯುವ ಮೊದಲು ಮೀಕು ಗೋಲು ಹೊಡೆದರು. 1-0. ಕೊನೆಯವರೆಗೂ ಅಷ್ಟೇ ಉಳಿಯಿತು. ಮುಂದಿನ ಸೀಟಿನಲ್ಲಿ ಡಿಸೆಂಬರ್‌ನ ಆ ಹೆಂಗಸೂ ಇದ್ದರು. ತಿರುಗಿ ನಕ್ಕರು.

ಮಾವ ಚೀಲದಿಂದ ನೋಟ್‌ಬುಕ್ ತೆಗೆದರು. ಹೊಸ ಎರಡು ಪುಟಕ್ಕೆ ಗೆರೆ ಎಳೆದು ತಂದಿದ್ದರು. ಬೆಂಗಳೂರಿನ ಸಾಲಿನಲ್ಲಿ 3 ಬರೆದು, ಚೆನ್ನೈಯಿನ್ ಸಾಲಿಗೆ ಬೆರಳು ಇಳಿಸಿ, ಅಲ್ಲೊಂದು ಸೊನ್ನೆ ಹಾಕಿದರು.